ಕುಲುಮೆ ಉಗುಳಿದ್ದು

ನಮ್ಮೂರಲ್ಲಿ ಗುಡ್ಡವಿರಲಿಲ್ಲ.
ನಾವೇ ಮಾಡಿದೆವು, ಅಪ್ಪನ ಕಾಲದಲ್ಲಿ ಅರ್ಧ,
ನನ್ನ ಕಾಲದಲ್ಲಿ ಉಳಿದರ್ಧ.
ಉಕ್ಕು ರೈಲು ಹತ್ತಿ ಬಂದರಿಗೆ ಹೋಯಿತು,
ಕಿಟ್ಟ ಇಲ್ಲೇ ಉಳಿಯಿತು, ನಮ್ಮ ಜೊತೆ.

ರಾತ್ರಿಪಾಳಿಯಲ್ಲಿ ಅದನ್ನು ಸುರಿಯುವಾಗ
ಸಿಲೇಸಿಯಾದ ಆಕಾಶ ಕಿತ್ತಳೆಯಾಗುತ್ತಿತ್ತು.
ಆ ಬೆಳಕಲ್ಲಿ ಹಿಲ್ಡೆಗಾರ್ಡಾ, ದೀಪ ಹಚ್ಚದೆ,
ಮಗುವಿನ ಅಂಗಿಗೆ ಗುಂಡಿ ಹೊಲಿದಿದ್ದಾಳೆ.

ಈಗ ಕುಲುಮೆ ಆರಿ ಹತ್ತೊಂಬತ್ತು ವರ್ಷ.
ಗುಡ್ಡದ ಮೇಲೆ ಬಡಕಲು ಬರ್ಚ್ ಮರಗಳೆದ್ದಿವೆ.
ಹಿಮ ಬಿದ್ದರೆ ಮಕ್ಕಳು ಜಾರುಬಂಡಿ ಎಳೆದುಕೊಂಡು ಹತ್ತುತ್ತಾರೆ,
ಇಳಿದಾಗ ಚಡ್ಡಿಯ ಹಿಂಭಾಗ ಬೂದಿಬಣ್ಣ.

ಮಾರ್ಚಿನಲ್ಲಿ ಬಂದಳು ಬೆರ್ನಾದೆತಾ,
ಗ್ಲಿವಿತ್ಸೆಯ ಪಾಲಿಟೆಕ್ನಿಕ್ಕಿನವಳು,
ರಬ್ಬರ್ ಬೂಟು, ಎರಡು ಬಕೆಟ್ಟು.
"ಅಲೋಯ್ಜಿಯವರೇ, ನಿಮ್ಮ ಕಿಟ್ಟ ಬೇಕಿತ್ತು."
ನಗು ಬಂತು. ಇಷ್ಟು ವರ್ಷದಲ್ಲಿ
ಅದನ್ನು ಬೇಕು ಅಂದವಳು ಇವಳೇ ಮೊದಲು.

ಆಚೆಯ ಸತುವಿನ ಗಣಿ ಮುಚ್ಚಿದೆ, ನೀರು ಮುಚ್ಚಿಲ್ಲ.
ಸುರಂಗದ ಬಾಯಿಂದ ಈಗಲೂ ಉಕ್ಕಿ ಹಳ್ಳ ಸೇರುತ್ತದೆ,
ತಿಳಿಯಾಗಿ, ನೋಡಲು ಸಾಧುವಾಗಿ,
ಒಡಲಲ್ಲಿ ಸೀಸ, ಕ್ಯಾಡ್ಮಿಯಂ.
ಬಣ್ಣವಿದ್ದಿದ್ದರೆ ಹೆದರುತ್ತಿದ್ದೆವೇನೋ.
ಬಾತುಕೋಳಿ ಈಜುತ್ತಿದ್ದವು. ನಾವೂ.

ಗಾಜಿನಂಥ ಕಪ್ಪು ಕಿಟ್ಟ ಬೇಡ ಎಂದೆ ಅವಳಿಗೆ,
ಅದು ನನ್ನ ಕಾಲದ್ದು, ಅವಸರದ್ದು.
ಪಡುವಣ ಇಳಿಜಾರಲ್ಲಿ ಅಗೆ,
ಅಪ್ಪನ ಪಾಳಿಯದು ಸಿಗುತ್ತದೆ:
ಜೇನುಗೂಡಿನ ಹಾಗೆ ತೂತುತೂತು,
ಕೈಯಲ್ಲಿ ಹಿಡಿದರೆ ಸುಣ್ಣ ಅಂಟುತ್ತದೆ.

ನಾನು ಒಡೆದೆ, ಅವಳು ಜರಡಿ ಹಿಡಿದಳು.
ಕಡಲೆಕಾಳಿನಷ್ಟು ಬೇಕು, ಪುಡಿಯಾದರೆ ಕಟ್ಟಿಕೊಳ್ಳುತ್ತದೆ.
ಆಳೆತ್ತರದ ಕೊಳವೆಗೆ ತುಂಬಿ
ಹಳ್ಳದ ನೀರು ಬಿಟ್ಟೆವು.
ತೊಟ್ಟು.
ತೊಟ್ಟು.
ಒಳಗೆ ಸುಣ್ಣ ನೀರನ್ನು ನಿಲ್ಲಿಸಿ
ಜೇಬು ತಡಕುತ್ತದಂತೆ,
ಪಾಳಿ ಮುಗಿದಾಗ ಗೇಟಿನವನು ನಮ್ಮನ್ನು ತಡಕುತ್ತಿದ್ದ ಹಾಗೆ,
ಸೀಸ ಕಿತ್ತಿಟ್ಟುಕೊಂಡು ಹೋಗು ಅನ್ನುತ್ತದಂತೆ.

"ಸುಣ್ಣಕ್ಕೂ ಸೀಸಕ್ಕೂ ಏನು ನಂಟು?"
ಅವಳು ತಟ್ಟನೆ ಹೇಳಲಿಲ್ಲ.
ನನ್ನ ಆಸ್ಪತ್ರೆಯ ಚೀಟಿ ಒಮ್ಮೆ ತೋರಿಸಿದ್ದೆ.
ಮೂಳೆಗೆ ಸುಣ್ಣವೆಂದರೆ ಪ್ರಾಣ.
ಸೀಸ ಸುಣ್ಣದ ವೇಷ ಕಟ್ಟಿ ಬಂದರೂ
ಬಾ, ಕೂರು ಅನ್ನುತ್ತದೆ,
ಆಮೇಲೆ ಎಬ್ಬಿಸಲು ಬಾರದು.

ಅಂದರೆ
ನಲವತ್ತು ವರ್ಷ ಈ ಹಳ್ಳವನ್ನು ಸೋಸಿದ್ದು
ನನ್ನ ಮೊಣಕಾಲು, ಹಿಲ್ಡೆಗಾರ್ಡಾಳ ಸೊಂಟ,
ಏಳನೇ ತರಗತಿಗೆ ಬಂದರೂ ಮಗ್ಗಿ ನಿಲ್ಲದ
ನಮ್ಮ ಗೆರಾರ್ಡನ ಹಲ್ಲು.
ಕೊಳವೆ ಆಗಲೇ ಇತ್ತು.
ಅದಕ್ಕೆ ಹೆಸರಿತ್ತು, ಸಂಜೆ ಕೂಗಿದರೆ ಮನೆಗೆ ಬರುತ್ತಿತ್ತು.

ಪತ್ರಿಕೆಯವರು ಬಂದು
ಕಸದಿಂದ ರಸ ಎಂದು ಬರೆದುಕೊಂಡು ಹೋದರು.
ಅವರು ಹೋದ ಮೂವತ್ತೆಂಟನೇ ದಿನ
ಕಿಟ್ಟಕ್ಕೆ ಹೊಟ್ಟೆ ತುಂಬಿತು,
ಅವಳ ಯಂತ್ರದಲ್ಲಿ ಸೀಸ ಮತ್ತೆ ತಲೆಯೆತ್ತಿತು.

ಉಂಡ ಕಿಟ್ಟವನ್ನು ಎಲ್ಲಿಡುತ್ತೀ?
ಸಿಮೆಂಟಿನಲ್ಲಿ ಕಟ್ಟಿಹಾಕುತ್ತೇವೆ.
ಆ ಸಿಮೆಂಟನ್ನು?
ಬೆರ್ನಾದೆತಾ ಬೂಟಿನ ಮಣ್ಣು ಕೆರೆದಳು, ಬಹಳ ಹೊತ್ತು.
ಸುಳ್ಳು ಹೇಳಲಿಲ್ಲ.
ಅದಕ್ಕೇ ಮರುದಿನ ಮತ್ತೆ ಸುತ್ತಿಗೆ ಹಿಡಿದೆ,
ಅಪ್ಪನ ಇನ್ನೊಂದು ಪಾಳಿಯನ್ನು ಒಡೆದೆ.

ಹೊಸ ಕೊಳವೆಯ ಮೊದಲ ನೀರು
ಸೀಸೆಯಲ್ಲಿ ಮನೆಗೆ ತಂದೆ. ಸೀಸೆಯಿದೆ, ಸೀಸವಿಲ್ಲ
ಎಂದು ದಾರಿಯುದ್ದ ನನ್ನಷ್ಟಕ್ಕೇ ನಕ್ಕೆ.
ಕುಡಿಯಬೇಡಿ ಅಂದಿದ್ದಳು,
ಸುಣ್ಣದ ಖಾರ ಇಳಿಯಲು ಒಂದೆರಡು ದಿನ ಬೇಕು.

ಹಿಲ್ಡೆಗಾರ್ಡಾ ಮೂರು ದಿನ ಮುಟ್ಟಲಿಲ್ಲ.
ನಾಲ್ಕನೆಯ ದಿನ ಕಿಟಕಿಯ ಜೆರೇನಿಯಂ ಬುಡಕ್ಕೆ ಅರ್ಧ ಸುರಿದು
ಉಳಿದರ್ಧಕ್ಕೆ ಬಿರಟೆ ಹಾಕಿ
ಬೆಳಕಿಗೆ ಹಿಡಿದಳು.

ಹಳೆಯ ನೀರೂ ಹೀಗೇ ಕಾಣುತ್ತಿತ್ತಲ್ಲ, ಅಂದಳು.
ಉಪ್ಪಿನ ಡಬ್ಬಿಯ ಪಕ್ಕ ಇಟ್ಟಳು.