ಎಡತೋಳು

ಕೂತುಕೋ ಅಂತ ಹೇಳು ಅವಳಿಗೆ. ಇರುವುದು ಒಂದೇ ಕುರ್ಚಿ,
ನಾನು ಹಾಸಿಗೆಯ ಮೇಲೆ ಕೂರುತ್ತೇನೆ.
ಗಂಟೆಗೆ ಎಷ್ಟು ಕೊಡುತ್ತಾಳೆ ನಿನಗೆ, ದುಭಾಷಿ?
ಇರಲಿ ಬಿಡು. ಅದನ್ನು ಅನುವಾದ ಮಾಡಬೇಡ.

ಈಗ ಜಿನೆವ್ರಾ ಅಂತಲೇ ಹೆಸರು?
ಇಲ್ಲಿ ರಾದೋಸ್ತಿನಾ ಆಗಿದ್ದಳು. ಸಂತೋಷ ಅಂತ ಅರ್ಥ.
ಯಾರಿಟ್ಟರೋ, ಹುಡುಗಾಟಕ್ಕೆ.

ಮುಖ ನೋಡಿದರೆ ನನಗೇನೂ ಹೊಳೆಯುತ್ತಿಲ್ಲ.
ಎಂಬತ್ತಾರು ಮಂಚ ಮೇಲೆ. ನಾನು ಕೆಳಗೆ, ಹಂಡೆಗಳ ಕೋಣೆಯಲ್ಲಿ,
ಮುಖಗಳು ನನ್ನವರೆಗೆ ಇಳಿದು ಬರುತ್ತಿರಲಿಲ್ಲ,
ಬಟ್ಟೆ ಬರುತ್ತಿತ್ತು.
ಹನ್ನೊಂದನೇ ಮಂಚ ಅಂದಳಲ್ಲ,
ಹನ್ನೊಂದು ಅಂದರೆ ಎಡತೋಳು.
ಅಗಿದು ಅಗಿದು ಜೂಲು ಜೂಲಾಗಿ
ಎಂಜಲ ವಾಸನೆ ಹೊತ್ತು ಬರುತ್ತಿದ್ದ ಎಡತೋಳು,
ಯಾರ ಅಂಗಿ ಹಾಕಿಸಿದರೂ ಅಷ್ಟೇ.
ಸೂಜಿ ಹಿಡಿದು ಬೈಯುತ್ತಿದ್ದೆ: ಇಲಿಮರಿ, ಇಲಿಮರಿ!
ಅದನ್ನು ಹೇಳು. ಅದು ನಿಜ.

ನೋಡಿದೆಯಾ, ಕೈ ಬಾಯಿವರೆಗೆ ಹೋಗಿ ವಾಪಸು ಬಂತು.

ಅಳುತ್ತಿದ್ದೆನಾ ಅಂತ ಕೇಳುತ್ತಿದ್ದಾಳೆಯೆ?
ಯಾರೂ ಅಳುತ್ತಿರಲಿಲ್ಲ ಅನ್ನು.
ಅಳುವ ಮಗುವಿಗೆ ಹಾಲು, ಅದು ಅವ್ವ ಇರುವ ಮನೆಯ ಗಾದೆ.
ಇಲ್ಲಿ ಹಾಲು ಬರುತ್ತಿದ್ದದ್ದು ಗಡಿಯಾರ ನೋಡಿ,
ಬಾಟಲಿಯನ್ನು ದಿಂಬಿಗೆ ಆನಿಸಿ
ದಾದಿ ಆಗಲೇ ಮುಂದಿನ ಮಂಚಕ್ಕೆ.
ರಾತ್ರಿಗೆ ಇಬ್ಬರೇ ದಾದಿಯರು.
ಕೆಟ್ಟವರಲ್ಲ. ಡೋಚ್ಕಾ ಒಬ್ಬಳು ಹೊಡೆಯುತ್ತಿದ್ದಳು,
ಉಳಿದವರು ದಣಿದಿದ್ದರು.
ಸಂಜೆ ಮಾಳಿಗೆಯಿಂದ ಇಳಿಯುತ್ತಿದ್ದದ್ದು ಒಂದೇ ಸದ್ದು:
ಮಂಚದ ಕಬ್ಬಿಣ ಗೋಡೆಗೆ ಟಕ್, ಟಕ್,
ತಮ್ಮನ್ನು ತಾವೇ ತೂಗಿಕೊಳ್ಳುವ ಮಕ್ಕಳು.

ಹೋದ ದಿನ ಗೊತ್ತು ನನಗೆ.
ಇಟಲಿಯವರು ಹಳದಿ ಕೋಟು ತಂದಿದ್ದರು,
ಹೆಜ್ಜೆಯಿಟ್ಟರೆ ದೀಪ ಹೊತ್ತುವ ಬೂಟು.
ನಿಯಮ ಹಾಗೆ: ಇಲ್ಲಿಯದು ಇಲ್ಲಿಗೇ, ಕಾಲುಚೀಲ ಕೂಡ.
ಬರಿಮೈಯಲ್ಲಿ ನಿಲ್ಲಿಸಿ ಸುಲಿದ ಗಂಟು
ನನ್ನ ಬುಟ್ಟಿಗೆ ಬಿದ್ದಾಗ ಇನ್ನೂ ಬೆಚ್ಚಗಿತ್ತು.
ಬುಧವಾರ ಅದನ್ನು ಬೇರೆ ಯಾರೋ ತೊಟ್ಟಿದ್ದರು.

ಈಗ ಅಮ್ಮನ ವಿಷಯಕ್ಕೆ ಬರುತ್ತಾಳೆ.
ಕಾಗದದಲ್ಲಿ ಏನಿದೆ, ಓದು.
ಆರು ತಿಂಗಳು ಯಾರೂ ನೋಡಲು ಬಂದಿಲ್ಲ.
ಮೊಹರು ಚೆನ್ನಾಗಿ ಬಿದ್ದಿದೆ.
ಇನ್ನೊಮ್ಮೆ ಓದು.

ತಾಳು. ಇದು ನಿನಗೆ ಹೇಳುತ್ತಿರುವುದು, ಅವಳಿಗಲ್ಲ.
ಬಂದಿದ್ದಳು. ಫೆಬ್ರವರಿಯಲ್ಲಿ,
ಡ್ಯಾನ್ಯೂಬ್ ದಡದುದ್ದಕ್ಕೂ ಹೆಪ್ಪುಗಟ್ಟಿದ್ದಾಗ,
ಲೋಮ್‌ನಿಂದ, ಬಸ್ಸಿಲ್ಲದೆ, ಬೀಟ್‌ರೂಟು ಲಾರಿ ಹತ್ತಿ.
ಗೇಟಿನವನು ರಿಜಿಸ್ಟರು ತೆರೆಯಲಿಲ್ಲ.
ತೆರೆದರೆ ಎಣಿಕೆ ಮತ್ತೆ ಒಂದರಿಂದ,
ಇಟಲಿಯ ಅರ್ಜಿ ಮೇಜಿನ ಮೇಲಿದೆ ಅಂದಿದ್ದರು ನಿರ್ದೇಶಕಿ.
ನನ್ನ ಹಂಡೆಯ ಹೊಗೆ ಕಂಡು ಹಿತ್ತಲಿಗೆ ಬಂದಳು.
ಕೆಂಪು ಸ್ವೆಟರು. ಕೈಯಲ್ಲಿ ಹೆಣೆದದ್ದು,
ಹಿಂದೆ ಮುಂದೆ ಅಂತಲೇ ಇಲ್ಲ ಅದಕ್ಕೆ.
ಅಳತೆಗಾದರೂ ಮಗು ಸಿಕ್ಕಿದ್ದರೆ ತಾನೆ?
ಕೊಡುತ್ತೇನೆ ಅಂದೆ.
ಒಳಗೆ ಬಂದು ಮೊಹರು ಒತ್ತಿ
ರಾಶಿಗೆ ಹಾಕಿದೆ. ಎಲ್ಲದರ ಹಾಗೆ.

ಎಷ್ಟು ಮೈ ಸುತ್ತಿತೋ ಅದು.
ಒಂದು ಸಲ ತೋಳೊಂದು ಜೂಲಾಗಿ ಬಂದಿತ್ತು,
ಎಡವೋ ಬಲವೋ,
ಹಿಂದೆ ಮುಂದೆ ಇಲ್ಲದ ಸ್ವೆಟರಿನಲ್ಲಿ ಹೇಗೆ ಹೇಳಲಿ.
ಹೊಲಿದೆ. ಕೊನೆಗೆ ಅದು ನೆಲ ಒರೆಸುವ ಬಟ್ಟೆಯಾಯಿತು,
ಒರೆಸಿದವಳೂ ನಾನೇ.

ಯಾಕೆ ಸುಮ್ಮನಾದೆ?
ಅವಳು ನಿನ್ನ ಬಾಯಿಯನ್ನೇ ನೋಡುತ್ತಿದ್ದಾಳೆ.
ಉಣ್ಣೆಗೆ ಏನನ್ನುತ್ತಾರೆ ಅವರ ಭಾಷೆಯಲ್ಲಿ?
ಲಾನಾ.
ಸರಿ. ಅಲ್ಲಿಂದ ಶುರುಮಾಡು.
ನಾನು ಲೋಟ ತರುತ್ತೇನೆ, ಅವಳಿಗೆ ನೀರು ಬೇಕಾಗುತ್ತದೆ.