ಅಳೆದೂ ಸುರಿದೂ

ಹೆಸರು ಗೊತ್ತಿಲ್ಲ ನನಗೆ. ಗೊತ್ತಾಗಲೂಬಾರದು.
ಕುಟುಂಬ ಇಪ್ಪತ್ತೇಳು, ಭೇಟಿ ಆರು, ಚಿಕಿತ್ಸಕ ನಾಲ್ಕು:
ಕಡತದ ನೆತ್ತಿಯಲ್ಲಿ ಇಷ್ಟೇ.
ನಾರ್ವೆಯ ಬೂಡೋ ಊರಿನಲ್ಲಿ, ಎರಡು ಗಂಟೆಗೇ ಕತ್ತಲಾಗುವ ತಿಂಗಳಲ್ಲಿ,
ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು
ಬೇರೆಯವರ ಮನೆಯ ಜಗಳ ಕೇಳುವುದು ನನ್ನ ಕೆಲಸ.
ಜಗಳವನ್ನೂ ಅಲ್ಲ, ಸರಿಯಾಗಿ ಹೇಳಬೇಕೆಂದರೆ;
ಜಗಳದ ನಡುವೆ ಕೂತವನು
ಪುಸ್ತಕ ಹೇಳಿದಂತೆ ಕೂತನೇ ಎಂಬುದನ್ನು.

ಹದಿನೆಂಟು ಪ್ರಶ್ನೆ. ಒಂದರಿಂದ ಏಳರವರೆಗೆ ಅಂಕ.
ಎಲ್ಲರನ್ನೂ ಮಾತಿಗೆಳೆದನೇ?
ದೂರನ್ನು ಮಗುಚಿ ಅಡಿಯ ನೋವನ್ನು ತೋರಿಸಿದನೇ?
ಯಾರ ಪಕ್ಷವನ್ನೂ ವಹಿಸದೆ ಎಲ್ಲರ ಪಕ್ಷವನ್ನೂ ವಹಿಸಿದನೇ?
(ಇದನ್ನು ಬರೆದ ಪುಣ್ಯಾತ್ಮರಿಗೆ
ಮದುವೆಯಾಗಿತ್ತೋ ಇಲ್ಲವೋ.)
ಎಲ್ಲಕ್ಕೂ ಸೇರಿ ಒಂದೇ ಹೆಸರು, ನಿಷ್ಠೆ.
ನಾಯಿಗೆ ಆಡುವ ಮಾತು, ಗಂಡಹೆಂಡಿರು ಆಣೆಯಿಟ್ಟು ಆಡುವ ಮಾತು.
ಇಲ್ಲಿ ಅದಕ್ಕೆ ದಶಾಂಶವಿದೆ.

ಪರದೆಯ ಮೇಲೆ
ಸಾಲ್ಮನ್ ಕಾರ್ಖಾನೆಯ ನೀಲಿ ಜಾಕೆಟ್ಟು ಕಳಚದ ಅಪ್ಪ.
ತೊಡೆಯ ಮೇಲೆ ಚೀಲ ಹಿಡಿದು, ಈಗಲೋ ಆಗಲೋ ಎದ್ದು ಹೋಗುವ ಅಮ್ಮ.
ಪಕ್ಕದ ಮನೆಯ ಕಾರು ಕದ್ದು ಚರಂಡಿಗಿಳಿಸಿದ ಹದಿನಾರರ ಹುಡುಗ
ಟೋಪಿಯೊಳಗೆ ಮಾಯ.
ಬಿಟ್ಟುಬರಲು ಯಾರೂ ಸಿಗದೆ ಜೊತೆಗೆ ಬಂದ ಪುಟ್ಟ ತಂಗಿ
ನೆಲದಲ್ಲಿ ಕೂತು ಬೂಟಿನ ದಾರ ಕಟ್ಟುತ್ತಾಳೆ, ಬಿಚ್ಚುತ್ತಾಳೆ.

ಮೂವತ್ತೊಂದನೇ ನಿಮಿಷ. ಅಪ್ಪ ಅನ್ನುತ್ತಾನೆ:
"ಇವನು ನನ್ನ ಮಗನೇ ಅಲ್ಲ ಅನಿಸುತ್ತೆ."
ಇಲ್ಲಿ, ಪುಸ್ತಕದ ಎಪ್ಪತ್ತಮೂರನೇ ಪುಟದಂತೆ,
ಚಿಕಿತ್ಸಕ ತಡೆಯಬೇಕು. ಮಗುಚಬೇಕು.
"ಇಷ್ಟು ಸಿಟ್ಟಿರಬೇಕಾದರೆ ಎಷ್ಟು ಹೆದರಿದ್ದೀರೋ ನೀವು"
ಅಂಥದೊಂದು ವಾಕ್ಯ. ಅದಕ್ಕೆ ಆರು.
ದನಿ ಹದವಾಗಿದ್ದರೆ ಏಳು.

ನಾಲ್ಕನೆಯವನು ಸುಮ್ಮನಿದ್ದ.
ಮೂಲೆಯಲ್ಲಿ ಗಡಿಯಾರ ಓಡುತ್ತಿತ್ತು. ಹತ್ತು ಸೆಕೆಂಡು. ಇಪ್ಪತ್ತು.
ನಾನೇ ಎದ್ದು ಏನಾದರೂ ಅಂದುಬಿಡಲೇ ಅನ್ನುವಷ್ಟು.
ಐವತ್ತೆರಡು.
ಹುಡುಗ ಟೋಪಿ ತೆಗೆಯಲಿಲ್ಲ, ಅಳಲಿಲ್ಲ, ಅಂಥದೇನೂ ಇಲ್ಲ.
ಕುರ್ಚಿಯಿಂದ ಜಾರಿ ನೆಲಕ್ಕಿಳಿದು
ತಂಗಿಯ ಗಂಟುಬಿದ್ದ ದಾರವನ್ನು ಉಗುರಿನಲ್ಲಿ ಬಿಡಿಸತೊಡಗಿದ.
ಅಪ್ಪ ನೋಡಿದ.
ತನ್ನ ಕಾಲನ್ನು ಒಂಚೂರು ಹಿಂದಕ್ಕೆಳೆದುಕೊಂಡ,
ಅವನಿಗೆ ಜಾಗವಾಗಲೆಂದು.

ನಾನು ಎರಡು ಕೊಟ್ಟೆ.

ಇನ್ನೊಂದು ಕೋಣೆಯಲ್ಲಿ ಅದೇ ಭೇಟಿ ನೋಡಿದ ಓಸ್‌ಹಿಲ್ಡ್ ಕೊಟ್ಟದ್ದು ಆರು.
ಇಷ್ಟು ಅಂತರ ಬಿದ್ದರೆ ಗುರುವಾರ ಎದುರುಬದುರು ಕೂರಬೇಕು.
"ಬೇಕೆಂದೇ ಸುಮ್ಮನಿದ್ದ," ಅವಳು.
"ಮಾತೇ ತೋಚದಿದ್ದರೆ?" ನಾನು.
"ಕೈ ನೋಡು ಅವನದು."
ಹಿಂದಕ್ಕೆ ಓಡಿಸಿ ನೋಡಿದೆ. ಪೆನ್ನನ್ನು ಹಿಡಿದ ಬೆರಳು ಬಿಳುಚಿದೆ,
ಓಡುವ ಕುದುರೆಯ ಲಗಾಮು ಹಿಡಿದಂತೆ.
ಆದರೆ ನಮಗೆ ಕೊಟ್ಟ ಪುಸ್ತಕದಲ್ಲಿ ಬರೆದಿದೆ:
ಕಂಡದ್ದಕ್ಕೆ ಅಂಕ, ಊಹಿಸಿದ್ದಕ್ಕಲ್ಲ.

ಅಳತೆಗೋಲನ್ನು ಬೈಯಲಾರೆ ನಾನು.
ಚಿಕಿತ್ಸಕ ಹನ್ನೊಂದನ್ನೂ ನೋಡಿದ್ದೇನೆ:
ನಲವತ್ತು ನಿಮಿಷ ತನ್ನದೇ ವಿಚ್ಛೇದನದ ಕಥೆ ಹೇಳಿದ,
ಎದುರಿನ ಹುಡುಗಿ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಳ್ಳುತ್ತಲೇ ಇದ್ದಳು.
ಕೊನೆಗೆ ಎಲ್ಲರೂ ಅವನ ಕೈಕುಲುಕಿ ಹೋದರು, ನಗುತ್ತ.
ನಾವು ಅಳೆಯದಿದ್ದರೆ ಆ ತೋಳು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಅಳೆದೂ ಸುರಿದೂ ನಾಲ್ಕಕ್ಕೆ ಬಂದೆವು.
ನಾಲ್ಕನೆಯವನಿಗೆ ನಾಲ್ಕು. ಇಬ್ಬರೂ ನಂಬದ ಅಂಕ.
ಕಾಫಿ ಆರಿಹೋಗಿತ್ತು.
"ಇತರೆ" ಎಂಬ ಚೌಕದಲ್ಲಿ ನಾನು "ಬೂಟಿನ ದಾರ" ಎಂದು ಬರೆದೆ;
ಅದನ್ನು ಯಾರೂ ಕೂಡುವುದಿಲ್ಲ, ಭಾಗಿಸುವುದಿಲ್ಲ.

ಇವತ್ತು ಭೇಟಿ ಏಳು ತೆರೆದೆ.
ತಂಗಿ ಬಂದಿಲ್ಲ.
ಅಪ್ಪನ ಜಾಕೆಟ್ಟು ಕುರ್ಚಿಯ ಬೆನ್ನಿಗಿದೆ.
ಪ್ರಶ್ನೆ ಒಂದು: ಎಲ್ಲರನ್ನೂ ಮಾತಿಗೆಳೆದನೇ?