ಎರಡು ಬೆರಳಿನ ಪಟ್ಟಿ

ತುಳಜಾರಾಮ ಮಾಸ್ತರರ ಮನಿ ಈಗ ಮ್ಯೂಸಿಯಂ ಆಗ್ಯಾದ.
ಮೂವತ್ತು ರೂಪಾಯಿ ಟಿಕೀಟು, ಚಪ್ಪಲಿ ಹೊರಗ.
ಜಗತ್ ಸರ್ಕಲ್‌ನಿಂದ ಆಟೋದಾಗ ಹತ್ತು ನಿಮಿಷ.
ವರ್ಷ ಆಯ್ತು, ನಾ ಇನ್ನಾ ಹೊಂಟೇ ಇದ್ದೀನಿ.

ಅಲ್ಲಿದ್ದ ಚಿತ್ರ ಎಲ್ಲಾ ನನಗ ಬೆನ್ನಿನ ಕಡೀಂದ ಗುರ್ತು.
ಯಾವುದಕ್ಕ ಎಷ್ಟು ಮೊಳಿ, ಯಾವುದರ ಹಿಂದ
ಚಹಾ ಪೆಟ್ಟಿಗಿ ಹಲಗಿ, ಯಾವುದರ ಬಿಲ್ಲು
ಇನ್ನಾ ಬಾಕಿ.
ಮಂದಿ ಮುಂದ ನಿಂತು ಆಹಾ ಅಂತಾರ,
ನಾ ಗ್ವಾಡಿ ಕಡಿ ನಿಂತವ.

ಎಂಬತ್ತೊಂಬತ್ತರ ಬ್ಯಾಸಗಿ. ಬಾವಿ ಚಿತ್ರ ತಂದ್ರು ಮಾಸ್ತರು,
ಸೈಕಲ್ ಕ್ಯಾರಿಯರ್‌ಗೆ ಸೆಣಬಿನ ಹಗ್ಗ, ಬಣ್ಣ ಇನ್ನಾ ಹಸಿ.
"ಮಶಾಕ, ಮುಂಜಾನಿ ಗಾಡಿಗೆ ಹೈದರಾಬಾದಿಗೆ ಒಯ್ಬೇಕು."
ಸಾಗವಾನಿ ಪಟ್ಟಿ ಎರಡು ಬೆರಳು ಕಮ್ಮಿ ಬಿತ್ತು.
ರಾತ್ರಿ ಹನ್ನೊಂದು. ಕಟಿಗಿ ಅಡ್ಡಾ ಬಂದ್.
ಕರೆಂಟು ಹೋತು, ಬಂತು, ಹೋತು.
ಪಟ್ಟಿ ಬೆಳೀಲಿಲ್ಲ.
ಚಿತ್ರ ಕೊಯ್ದೆ.

ಬಲಗಡಿ ಅಂಚು. ಅಲ್ಲಿ ಶಹಾಬಾದಿ ಕಲ್ಲಿನ ನೆರಳಿಗೆ
ಹೆಬ್ಬೆಟ್ಟಿನಷ್ಟು ಒಂದು ಕಂದು ನಾಯಿ
ನಾಲಿಗಿ ಚಾಚಿ ಕುಂತಿತ್ತು.

ಮಾಸ್ತರು ಬಂದ್ರು. ನೋಡಿದ್ರು. ಬಾಳೊತ್ತು ನೋಡಿದ್ರು.
"ಫ್ರೇಮ್ ಛಲೋ ಆಗ್ಯಾದ" ಅಂದ್ರು.
ಆಮ್ಯಾಗ ಅವರ ಚಿತ್ರದಾಗ ನಾಯಿ ಬಂದ್ರ
ನಟ್ಟನಡುವ ಬರ್ತಿತ್ತು.

ಹೋದ ವಾರ ಮೊಮ್ಮಗಳು ರಿಹಾನಾ
ಸಾಲಿಯವರ ಜೋಡಿ ಹೋಗಿ ಬಂದಳು, ಸುಸ್ಲಾ ತಿನ್ಕೋತ ಹೇಳಿದಳು:
"ಬಾವಿ ಕಟ್ಟಿ ಮ್ಯಾಲ ಒಬ್ಬ ಹುಡುಗಿ ನಗ್ತಾಳ ದಾದಾ,
ಚಿತ್ರದ ಹೊರಗ ನೋಡಿ.
ಏನ್ ನೋಡ್ತಾಳ ಯಾರಿಗೂ ಗೊತ್ತಿಲ್ಲಂತ.
ಅದೇ ಅದರ ದೊಡ್ಡಸ್ತಿಕಿ ಅಂದ್ರು ಟೀಚರು.
ಎಲ್ಲಾರೂ ಬರ್ಕೊಂಡೀವಿ."

ನನ್ನ ಗಲ್ಲೇದಾಗ, ರಸೀದಿ ಬುಕ್ಕಿನ ಕೆಳಗ,
ಆ ನಾಯಿ ಅದ.
ಇಷ್ಟು ವರ್ಷಕ್ಕ ಒಮ್ಮಿನೂ ಬೊಗಳಿಲ್ಲ.

ಒಯ್ದು ಕೊಟ್ರ? ಟಿಕೀಟಿನ ಹುಡುಗ
ಯಾವ ರಿಜಿಸ್ಟರ್‌ನ್ಯಾಗ ಬರೀಬೇಕು ಪಾಪ?
ನಲವತ್ತು ಹುಡುಗರು ಬರ್ಕೊಂಡದ್ದು ಅಳಸೋರ್ಯಾರು?
ಕೊಡದೆ, ಸುಮ್ನ, ಮಂದಿ ನಿಂತಲ್ಲಿ ನಿಂತು ಬರಲೇನು?
ಆಕಿ ನನ್ನ ಕಡೀನೇ ನೋಡಿದ್ರ?

ಇವತ್ತ ಬಿಳಿ ಅಂಗಿ ಹಾಕ್ಕೊಂಡೆ. ಪಟ್ಟಿ ಕಿಸೇದಾಗ.
ಷಟರ್ ಅರ್ಧ ಎಳದಿದ್ದೆ,
ಒಬ್ಬಾಕಿ ಬಗ್ಗಿ ಒಳಗ ಬಂದಳು, ಗಂಡನ ಫೋಟೋ ಹಿಡ್ಕೊಂಡು.
"ಇದಕ್ಕ ಕಟ್ಟು ಹಾಕ್ರಿ. ಬಾಜೂಕ ನಿಂತವರ್ನ ಕತ್ತರಿಸಿಬಿಡ್ರಿ."

ಕತ್ತರಿ ಕೈಗೆ ಬಂತು, ರೂಢಿ.
ಎಂದೂ ಕೇಳದವ ಕೇಳಿದೆ:
"ಯಾರವ್ವಾ ಅವ್ರು?"

ಆಕಿ ಸ್ಟೂಲ್ ಎಳಕೊಂಡು ಕುಂತಳು.
ಮ್ಯೂಸಿಯಂ ಐದಕ್ಕ ಬಂದ್.